ಎರಡು ಪ್ರಸಂಗ, ನಾಲ್ಕು ಜಾಗ: ಯಕ್ಷಗಾನ ಎಲ್ಲಿ ಕೂತು ನೋಡುವುದು?

ನಮ್ಮ ಆಫೀಸಿನ ಗೆಳತಿಯೊಬ್ಬಳು ತುಮಕೂರು ಕಡೆಯವಳು. ಊಟದ ಹೊತ್ತಿಗೆ ನಾನು ಆಟದ, ಅಂದರೆ ಯಕ್ಷಗಾನದ, ಸುದ್ದಿ ಎತ್ತಿದರೆ ಡಬ್ಬಿ ಪಕ್ಕಕ್ಕಿಟ್ಟು ಕೇಳುತ್ತಾಳೆ. ಕಳೆದ ವರ್ಷ ಜೂನ್‌ನಲ್ಲಿ ಒಂದು ದಿನ, "ಕೇಳಿದ್ದು ಸಾಕು ಕಣೇ, ನಾನೂ ಒಂದ್ಸಲ ನೋಡ್ಬೇಕು. ಯಾವ್ದಕ್ಕೆ ಹೋಗ್ಲಿ ಹೇಳು" ಎಂದಳು.

ತಟ್ಟನೆ ಉತ್ತರ ಬರಲಿಲ್ಲ. ನಾನು ಚಿಕ್ಕವಳಿದ್ದಾಗ ಆಟ ಅಂದರೆ ಒಂದೇ. ಕೊಯ್ಲಾದ ಗದ್ದೆ, ರಾತ್ರಿ ಶುರು, ಬೆಳಕು ಹರಿದ ಮೇಲೆ ಮಂಗಳ. ಈಗ ಸಂಜೆ ಆರಕ್ಕೆ ಶುರುವಾಗಿ ಒಂಬತ್ತೂವರೆಗೆ ಮುಗಿಯುವ ಆಟವಿದೆ. ಅಡುಗೆಮನೆಯಲ್ಲಿ ಮೊಬೈಲ್ ನಿಲ್ಲಿಸಿಕೊಂಡು ನೋಡುವ ಆಟವಿದೆ. ವೇಷವೇ ಇಲ್ಲದ ತಾಳಮದ್ದಳೆ ಮೊದಲಿಂದಲೂ ಇದೆ. ನಮ್ಮ ಕಡೆ ಅದನ್ನು ಕೂಟ ಅನ್ನುತ್ತಾರೆ. ಕುಣಿದರೆ ಆಟ, ಕೂತರೆ ಕೂಟ. ಇವುಗಳಲ್ಲಿ ಹೊಸಬಳನ್ನು ಯಾವುದಕ್ಕೆ ಕಳಿಸುವುದು?

ಸರಿ, ನೋಡಿಯೇ ಹೇಳೋಣ ಅಂದುಕೊಂಡೆ. ಜುಲೈಯಿಂದ ಈ ಫೆಬ್ರುವರಿಯವರೆಗೆ ನಾಲ್ಕನ್ನೂ ನೋಡಿದೆ. ಹನ್ನೊಂದು ವರ್ಷದ ಮಗಳು ನಾಲ್ಕಕ್ಕೂ ಜೊತೆಗಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನಲ್ಲಿ, ಹಾಗಾಗಿ ಅವಳಿಗೂ ಇದು ಹೊಸದೇ. ಅದೃಷ್ಟಕ್ಕೆ ಪ್ರಸಂಗಗಳು ಜೋಡಿಯಾಗಿ ಸಿಕ್ಕವು. ಸಭಾಂಗಣದಲ್ಲಿ ಕರ್ಣಪರ್ವ, ಕೂಟದಲ್ಲೂ ಕರ್ಣಪರ್ವ. ಮೊಬೈಲಿನಲ್ಲಿ ದೇವಿ ಮಹಾತ್ಮೆ, ಗದ್ದೆಯಲ್ಲೂ ದೇವಿ ಮಹಾತ್ಮೆ. ಕತೆ ಒಂದೇ ಇದ್ದರೆ ಹೋಲಿಸುವುದು ಸುಲಭ ಅಲ್ವಾ? ನಾನು ಪುತ್ತೂರು ಕಡೆಯವಳು, ಹಾಗಾಗಿ ನಾಲ್ಕೂ ತೆಂಕುತಿಟ್ಟಿನವೇ, ಅಂದರೆ ತೆಂಕಣ ಶೈಲಿಯವೇ. ಕುಂದಾಪುರ, ಹೊನ್ನಾವರ ಕಡೆಯ ಬಡಗುತಿಟ್ಟಿನ ಕುಣಿತ ಬೇರೆ, ಕಿರೀಟ ಬೇರೆ, ಚೆಂಡೆಯ ಸದ್ದೂ ಬೇರೆ. ಅದಕ್ಕೆ ಇನ್ನೊಂದು ವರ್ಷ ಬೇಕು.

ಮೊದಲು ಸಭಾಂಗಣ.

ಊರಿನಲ್ಲಿ ಮಳೆಗಾಲಕ್ಕೆ ಬಯಲಾಟ ಇರುವುದಿಲ್ಲ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಹೊತ್ತಿಗೆ, ಪತ್ತನಾಜೆ ಬರುತ್ತದೆ. ಆ ದಿನ ಮೇಳದವರು, ಅಂದರೆ ಆಟದ ತಂಡದವರು, ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಕಟ್ಟುವುದು ನವೆಂಬರ್ ಹೊತ್ತಿಗೆ. ಆ ನಡುವಿನ ತಿಂಗಳುಗಳಲ್ಲಿ ಕಲಾವಿದರು ಬೆಂಗಳೂರು, ಮುಂಬಯಿ ಅಂತ ತಿರುಗುತ್ತಾರೆ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಎದುರು ಮಳೆಗಾಲದಲ್ಲಿ ಆಟದ ಬ್ಯಾನರ್ ಕಾಣುವುದು ಇದಕ್ಕೇ. ನಾವು ಹೋದದ್ದು ಅಲ್ಲಿಗಲ್ಲ, ನಮ್ಮ ಮನೆಗೆ ಹತ್ತಿರದ ಇನ್ನೊಂದು ಸಭಾಂಗಣಕ್ಕೆ. ಟಿಕೆಟ್ 300 ರೂಪಾಯಿ. ಮೆತ್ತನೆ ಕುರ್ಚಿ, ಫ್ಯಾನು, ಹೊರಗೆ ಕಾಫಿ.

ಮಗಳು ಒಂದು ನಿಮಿಷವೂ ತೂಕಡಿಸಲಿಲ್ಲ. ಇದು ಸಣ್ಣ ಮಾತಲ್ಲ. ಮಾತು ಸ್ಪಷ್ಟವಾಗಿ ಕೇಳಿತು. ಕಣ್ಣಿನ ಕಾಡಿಗೆಯವರೆಗೆ ಎಲ್ಲ ಕಂಡಿತು. ಹಲವು ಮೇಳಗಳ ಹೆಸರುವಾಸಿ ಕಲಾವಿದರು ಒಂದೇ ರಂಗದ ಮೇಲಿದ್ದರು. ಊರಿನಲ್ಲಿ ಇವರನ್ನೆಲ್ಲ ನೋಡಬೇಕಾದರೆ ನಾಲ್ಕು ರಾತ್ರಿ ನಾಲ್ಕು ಗದ್ದೆ ತಿರುಗಬೇಕು. ಅರ್ಜುನನ ವೇಷದವರು ದಿಗಿಣ ತೆಗೆದಾಗ, ಅಂದರೆ ಹಾರಿ ಹಾರಿ ಗಿರಗಿರನೆ ಸುತ್ತಿದಾಗ, ಮಗಳು ಎದ್ದು ನಿಂತು ಚಪ್ಪಾಳೆ ಹೊಡೆದಳು.

ಇಡೀ ಸಭೆಯೇ ಹೊಡೆಯಿತು. ಮುಂದಿನ ಪದಕ್ಕೆ, ಅಂದರೆ ಹಾಡಿಗೆ, ಇನ್ನೂ ಹತ್ತು ಸುತ್ತು ಜಾಸ್ತಿ ಬಂತು. ಅದರ ಮುಂದಿನ ಪದಕ್ಕೆ ಮತ್ತೂ ಜಾಸ್ತಿ. ಅಲ್ಲಿ ನನ್ನ ಮನಸ್ಸು ಸ್ವಲ್ಪ ಹಿಂದೆ ಸರಿಯಿತು. ಮೂರೂವರೆ ಗಂಟೆಯ ಆಟದಲ್ಲಿ ಕುಣಿತಕ್ಕೆ ಅಷ್ಟು ಹೊತ್ತು ಹೋದರೆ ಇನ್ನೆಲ್ಲೋ ಕಡಿಮೆಯಾಗಲೇಬೇಕು.

ಕಡಿಮೆಯಾದದ್ದು ಎಲ್ಲಿ ಅಂತ ಹೇಳುತ್ತೇನೆ. ಕರ್ಣ ಸರ್ಪಾಸ್ತ್ರ ಬಿಡುತ್ತಾನೆ. ಕೃಷ್ಣ ರಥವನ್ನು ನೆಲಕ್ಕೆ ಒತ್ತುತ್ತಾನೆ. ಅರ್ಜುನನ ತಲೆ ಉಳಿಯುತ್ತದೆ, ಕಿರೀಟ ಹೋಗುತ್ತದೆ. ಸರ್ಪ ತಿರುಗಿ ಬಂದು ಇನ್ನೊಮ್ಮೆ ತೊಡು ಅನ್ನುತ್ತದೆ. ಸಾರಥಿ ಶಲ್ಯನೂ ತೊಡು ಅನ್ನುತ್ತಾನೆ. ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ ಅಂತ ಕರ್ಣ ಕುಂತಿಗೆ ಮಾತು ಕೊಟ್ಟಿದ್ದಾನೆ. ಆದರೆ ಅದನ್ನು ಶಲ್ಯನಿಗೆ ಹೇಳುವ ಹಾಗಿಲ್ಲ. ಹೇಳಿದರೆ ಕುಂತಿ ಯಾರು, ತಾನು ಯಾರು ಎಲ್ಲ ಹೊರಬೀಳುತ್ತದೆ. ಒಬ್ಬ ಕಲಾವಿದನಿಗೆ ಇದಕ್ಕಿಂತ ಇಕ್ಕಟ್ಟಿನ ಜಾಗ ಇನ್ನೊಂದಿಲ್ಲ. ಉತ್ತರ ಗೊತ್ತಿದೆ, ಆದರೆ ಬಾಯಿಬಿಡುವಂತಿಲ್ಲ.

ಆ ಸಂಜೆ ಕರ್ಣನ ವೇಷದವರು ಒಳ್ಳೆಯ ಮಾತುಗಾರರು. ಶಲ್ಯ ಕೇಳಿದ. ಕರ್ಣ ತಲೆ ತಗ್ಗಿಸಿದ. ಒಂದು ವಾಕ್ಯ ಶುರು ಮಾಡಿದ. ಅಷ್ಟರಲ್ಲಿ ಪಕ್ಕದಿಂದ ಯಾರೋ ಪದ ಹಾಡುವ ಭಾಗವತರಿಗೆ ಒಂದು ಚೀಟಿ ದಾಟಿಸಿದರು. ಗಂಟೆ ಒಂಬತ್ತು ದಾಟಿತ್ತು. ಭಾಗವತರು ಜಾಗಟೆ ತಟ್ಟಿ ಮುಂದಿನ ಪದ ಎತ್ತಿದರು. ಶಲ್ಯ ರಥ ಇಳಿದು ಹೋಗಿಬಿಟ್ಟ. ಭಾಗವತರದ್ದು ತಪ್ಪಲ್ಲ. ಆಟವನ್ನು ನಡೆಸುವವರು ಅವರೇ, ಹಾಗಾಗಿಯೇ ಅವರನ್ನು ಮೊದಲನೆಯ ವೇಷ ಅನ್ನುತ್ತಾರೆ. ಸಭಾಂಗಣದ ಬಾಗಿಲು ಹತ್ತಕ್ಕೆ ಮುಚ್ಚುತ್ತದೆ ಅಂದರೆ ಅವರು ಇನ್ನೇನು ಮಾಡಬೇಕು?

ಬರುವಾಗ ಆಟೋದಲ್ಲಿ ಮಗಳು ಕೇಳಿದಳು, "ಅಮ್ಮಾ, ಕರ್ಣ ಯಾಕೆ ಇನ್ನೊಂದ್ಸಲ ಬಾಣ ಬಿಡ್ಲಿಲ್ಲ?" ನಾನು ವಿವರಿಸಿ ಹೇಳಿದೆ. "ಓ, ಹಾಗಾ" ಅಂದಳು. ಅಷ್ಟೇ.

ಈಗ ಕೂಟ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು.

ಆಗಸ್ಟ್ ಮೊದಲ ವಾರ ಊರಿಗೆ ಹೋಗಿದ್ದೆವು. ಆಟಿ ತಿಂಗಳು. ಹೊರಗೆ ಕಾಲಿಡಲು ಆಗದಂಥ ಮಳೆ. ಹಿಂದೆ ಗದ್ದೆ ಕೆಲಸ ಮುಗಿದು ಮಳೆ ಕೂತಾಗಲೇ ಮನೆಗಳಲ್ಲಿ ಕೂಟ ನಡೆಯುತ್ತಿದ್ದವು. ನನ್ನ ಅಜ್ಜನ ಚಾವಡಿಯಲ್ಲೂ ಆಗುತ್ತಿತ್ತು. ಈ ಸಲ ಹೋದದ್ದು ಊರ ದೇವಸ್ಥಾನದ ಚಿಕ್ಕ ಸಭಾಂಗಣಕ್ಕೆ. ನಲವತ್ತು ಐವತ್ತು ಜನ ಇದ್ದಿರಬಹುದು. ಹಂಚಿನ ಮೇಲೆ ಮಳೆಯ ಸದ್ದು. ಮಧ್ಯದಲ್ಲಿ ಭಾಗವತರು, ಮದ್ದಳೆ, ಚೆಂಡೆ. ಆಚೆ ಈಚೆ ಎದುರುಬದುರು ಕೂತ ಅರ್ಥಧಾರಿಗಳು. ಬಿಳಿ ಪಂಚೆ, ಶಾಲು. ಒಬ್ಬರು ನಿವೃತ್ತ ಮೇಷ್ಟರು, ಇನ್ನೊಬ್ಬರು ಕೃಷಿಕರು. ಕರ್ಣನಾದವರಿಗೆ ದಪ್ಪ ಕನ್ನಡಕ.

ಮಗಳು ನನ್ನ ಕಿವಿಯಲ್ಲಿ, "ಡ್ರೆಸ್ ಹಾಕಿಲ್ವಾ?" ಎಂದಳು. ಅರ್ಧ ಗಂಟೆಯಲ್ಲಿ ನಿದ್ದೆ ಹೋಗುತ್ತಾಳೆ ಅಂತಲೇ ನಾನೂ ಅಂದುಕೊಂಡಿದ್ದೆ.

ಕೂಟ ನಡೆಯುವುದು ಹೀಗೆ. ಭಾಗವತರು ಪ್ರಸಂಗದ ಒಂದು ಪದ ಹಾಡುತ್ತಾರೆ. ಪದ ಮಾತ್ರ ಬರೆದದ್ದು. ಅದರ ಅರ್ಥವನ್ನು ಅರ್ಥಧಾರಿ ಆ ಕ್ಷಣಕ್ಕೆ ಹುಟ್ಟಿಸಿಕೊಂಡು ಹೇಳುತ್ತಾರೆ. ಎದುರಿನವರು ಏನು ಕೇಳುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಕುಣಿತವಿಲ್ಲ, ಬಣ್ಣವಿಲ್ಲ, ಕಿರೀಟವಿಲ್ಲ. ಮಾತೊಂದೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಹೆಸರನ್ನು ನಮ್ಮ ಕಡೆ ಇವತ್ತಿಗೂ ಗೌರವದಿಂದ ಹೇಳುವುದು ಈ ಮಾತಿಗಾಗಿ. ಈ ಮಾತಿನಲ್ಲಿ ಇಂಗ್ಲಿಷ್ ಇರುವುದಿಲ್ಲ. ಮೂರು ಗಂಟೆಯಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಕೇಳಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದುವ ನನ್ನ ಮಗಳು ಅಷ್ಟು ಹೊತ್ತು ಬರಿಯ ಕನ್ನಡವನ್ನು ಜೀವನದಲ್ಲಿ ಮೊದಲ ಸಲ ಕೇಳಿರಬೇಕು.

ಶಲ್ಯನಾದ ಮೇಷ್ಟರು ತಮಾಷೆಯಿಂದ ಶುರು ಮಾಡಿದರು. ಮದ್ರ ದೇಶದ ಅರಸ ನಾನು, ನಿನ್ನ ಕುದುರೆಯ ಬಾಲ ನೋಡುತ್ತಾ ಕೂತಿದ್ದೇನೆ ಅಂತ ಕರ್ಣನನ್ನು ಕೆಣಕಿದರು. ಜನ ನಕ್ಕರು. ಮಗಳೂ ನಕ್ಕಳು. ಕರ್ಣ ಸುಮ್ಮನೆ ಕೇಳಿಕೊಂಡ. ಆಮೇಲೆ ಅದೇ ಜಾಗ ಬಂತು. ಸರ್ಪಾಸ್ತ್ರ ಗುರಿ ತಪ್ಪಿದೆ. ಶಲ್ಯ ಕೇಳುತ್ತಾನೆ, ಯಾಕೆ ಮತ್ತೆ ತೊಡುವುದಿಲ್ಲ?

ಕನ್ನಡಕದ ಕರ್ಣ ಶಾಲು ಸರಿಮಾಡಿಕೊಂಡರು. ಶೂರನಾದವನು ಒಂದೇ ಬಾಣವನ್ನು ಎರಡು ಸಲ ಬಿಡುವುದಿಲ್ಲ ಅಂದರು. ಶಲ್ಯ ಬಿಡಲಿಲ್ಲ. ಹಾಗಾದರೆ ನಿನ್ನ ಶೌರ್ಯಕ್ಕಾಗಿ ದುರ್ಯೋಧನನ ರಾಜ್ಯ ಹೋಗಲಿ ಅನ್ನುತ್ತೀಯಾ, ಅವನ ಅನ್ನ ಉಂಡವನಲ್ಲವೇ ನೀನು ಅಂತ ಕೇಳಿದರು. ಇದಕ್ಕೆ ಉತ್ತರ ಬರಲಿಲ್ಲ. ಕರ್ಣನಾದವರು ಕೈಯನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತರು. ಶ್ರುತಿಪೆಟ್ಟಿಗೆ ಮಾತ್ರ ಕೇಳುತ್ತಿತ್ತು, ಮತ್ತೆ ಮಳೆ. ಭಾಗವತರು ಜಾಗಟೆ ಮುಟ್ಟಲಿಲ್ಲ. ಮದ್ದಳೆಯವರ ಕೈಯೂ ಅಲ್ಲೇ ನಿಂತಿತ್ತು. ಎಷ್ಟು ಹೊತ್ತು ಅಂತ ನಾನು ಅಳೆಯಲಿಲ್ಲ. ತುಂಬಾ ಹೊತ್ತು ಅನಿಸಿತು. ಕೊನೆಗೆ ಬಂದದ್ದು ಒಂದೇ ಮಾತು. "ಅನ್ನದ ಋಣ ತಲೆ ಕೊಟ್ಟು ತೀರಿಸುತ್ತೇನೆ, ಶಲ್ಯಭೂಪತಿ. ಇನ್ನೊಂದು ಋಣ ಇದೆ. ಅದನ್ನು ಕೇಳಬೇಡಿ."

ಮಗಳು ನನ್ನ ಸೆರಗು ಹಿಡಿದುಕೊಂಡಳು. "ಅಮ್ಮ ಅಂತ ಹೇಳ್ಬಾರ್ದು ಅಲ್ವಾ, ಅದಕ್ಕೇ" ಎಂದಳು. ಆಟೋದಲ್ಲಿ ನಾನು ವಿವರಿಸಿದಾಗ ತಲೆಗೆ ಹೋಗಿತ್ತು. ಈಗ ಬೇರೆ ಎಲ್ಲಿಗೋ ಹೋಯಿತು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅದೇ ಪ್ರಸಂಗ, ಅದೇ ಜಾಗ. ಸಭಾಂಗಣದಲ್ಲಿ ಕಿರೀಟ, ಭುಜಕೀರ್ತಿ ಎಲ್ಲ ಇತ್ತು, ಹೊತ್ತು ಇರಲಿಲ್ಲ. ಇಲ್ಲಿ ಏನೂ ಇರಲಿಲ್ಲ, ಹೊತ್ತು ಇತ್ತು. ನನ್ನ ಮಟ್ಟಿಗೆ ಕರ್ಣಪರ್ವದಲ್ಲಿ ಗೆದ್ದದ್ದು ಕೂಟವೇ, ಸಂಶಯವಿಲ್ಲ.

ಆದರೆ ಗೆಳತಿಯನ್ನು ಮೊದಲ ಸಲವೇ ಕೂಟಕ್ಕೆ ಕಳಿಸುತ್ತೀಯಾ ಅಂದರೆ, ಇಲ್ಲ. ಕತೆ ಮೊದಲೇ ಗೊತ್ತಿರಬೇಕು. ನನ್ನ ಮಗಳು ಮೂರು ವಾರದ ಹಿಂದೆಯೇ ಅದೇ ಕರ್ಣನನ್ನು ವೇಷದಲ್ಲಿ ನೋಡಿದ್ದಳು. ಕನ್ನಡಕದ ಹಿರಿಯರ ತಲೆಯ ಮೇಲೆ ಅವಳು ಆ ಕಿರೀಟವನ್ನು ತಾನೇ ಇಟ್ಟುಕೊಂಡಳು. ಸಭಾಂಗಣದ ಆಟ ಮಾಡಿದ ಉಪಕಾರ ಅದು. ಇದನ್ನು ನಾನು ಮರೆಯಬಾರದು.

ಇನ್ನು ಮೊಬೈಲು. ಇದು ಬೇಗ ಮುಗಿಯುತ್ತದೆ.

ಡಿಸೆಂಬರ್‌ನ ಒಂದು ಶನಿವಾರ ರಾತ್ರಿ ಯೂಟ್ಯೂಬಿನಲ್ಲಿ ನೇರಪ್ರಸಾರ. ದೇವಿ ಮಹಾತ್ಮೆ. ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಹರಕೆ ಹೇಳಿಕೊಳ್ಳುವ ಪ್ರಸಂಗ ಇದೇ. ಚಪಾತಿ ಲಟ್ಟಿಸುತ್ತಾ ನೋಡಿದೆ, ಪಾತ್ರೆ ತೊಳೆಯುತ್ತಾ ನೋಡಿದೆ, ಹಾಸಿಗೆಯಲ್ಲಿ ಕೂತು ನೋಡಿದೆ. ದುಬೈಯಲ್ಲಿರುವ ನನ್ನ ತಮ್ಮನೂ ಅದೇ ಹೊತ್ತಿಗೆ ನೋಡುತ್ತಿದ್ದ. ಒಳ್ಳೆಯ ಪದ ಬಂದಾಗ ಇಬ್ಬರೂ ಮೆಸೇಜ್ ಹಾಕಿಕೊಂಡೆವು. ಚಿಕ್ಕಂದಿನಲ್ಲಿ ಒಂದೇ ಚಾಪೆಯಲ್ಲಿ ಕೂತು ನೋಡಿದವರು ನಾವು. ಅಷ್ಟಾದರೂ ಆಯಿತಲ್ಲ ಅಂತ ಖುಷಿಯಾಯಿತು.

ಮೊಬೈಲಿನ ಕ್ಯಾಮೆರಾ ಇನ್ನೊಂದನ್ನೂ ಕೊಟ್ಟಿತು. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖದ ಮೇಲೆ ಬಿಳಿ ಮುಳ್ಳಿನ ಹಾಗೆ ಎದ್ದು ಕಾಣುತ್ತದಲ್ಲ, ಅದು ಚುಟ್ಟಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಕ್ಕೆ ಚುಕ್ಕೆಯಾಗಿ ಇಡುತ್ತಾರೆ. ಅದಕ್ಕೆ ಗಂಟೆಗಟ್ಟಲೆ ಬೇಕು. ಗದ್ದೆಯಲ್ಲಿ ಹಿಂದೆ ಕೂತವರಿಗೆ ಅದು ಬರಿ ಬಿಳಿ ಗೆರೆ. ಇಲ್ಲಿ ಒಂದೊಂದು ಚುಕ್ಕೆಯೂ ಕಂಡಿತು.

ಆಮೇಲೆ ಮಹಿಷಾಸುರನ ಪ್ರವೇಶದ ಹೊತ್ತು ಬಂತು. ಚೆಂಡೆ ಏರಿತು. ತೆರೆಯ ಮೇಲೆ ಖಾಲಿ ರಂಗಸ್ಥಳ. ಒಂದು ನಿಮಿಷ ಆಯಿತು, ಎರಡಾಯಿತು, ಖಾಲಿಯೇ. ಮುಂದೆ ಕೂತ ಜನರೆಲ್ಲ ಹಿಂದಕ್ಕೆ ತಿರುಗಿದ್ದರು. ನನಗೆ ಕಂಡದ್ದು ಅವರ ತಲೆಗಳ ಹಿಂಭಾಗ ಮಾತ್ರ. ಮಹಿಷಾಸುರ ವೇಷ ಕಟ್ಟುವ ಚೌಕಿಯಿಂದ ನೇರ ರಂಗಕ್ಕೆ ಬರುವುದಿಲ್ಲ. ದೂರದಿಂದ, ಜನರ ಹಿಂದಿನಿಂದ, ದೊಂದಿಯ ಬೆಂಕಿಯ ನಡುವೆ ಬರುತ್ತಾನೆ. ಕ್ಯಾಮೆರಾ ಒಂದೇ ಇತ್ತು, ಅದು ರಂಗದ ಕಡೆ ನೋಡುತ್ತಿತ್ತು. ಅದನ್ನು ತಿರುಗಿಸುವ ಹೊತ್ತಿಗೆ ಅವನು ಅರ್ಧ ದಾರಿ ಬಂದಾಗಿತ್ತು. ಹೊಗೆ, ಕೋಡು, ಒಂದಿಷ್ಟು ಕಿತ್ತಳೆ ಬೆಳಕು. "ಇಷ್ಟೇನಾ?" ಎಂದಳು ಮಗಳು. ನಾನು ಆ ಕ್ಷಣವೇ ಚಿಕ್ಕಪ್ಪನಿಗೆ ಮೆಸೇಜ್ ಹಾಕಿದೆ. ಫೆಬ್ರುವರಿಯಲ್ಲಿ ನಾವು ಬರುತ್ತೇವೆ ಅಂತ.

ಚಿಕ್ಕಪ್ಪನದು ಹರಕೆ ಆಟ. ಚಿಕ್ಕಮ್ಮನ ಆಪರೇಷನ್ ಹೊತ್ತಿನಲ್ಲಿ ಹೇಳಿಕೊಂಡದ್ದು. ದೇವಸ್ಥಾನದ ಮೇಳದ ಆಟ ಬೇಕಾದರೆ ಹೆಸರು ಬರೆಸಿ ಕಾಯಬೇಕು. ವರ್ಷಗಟ್ಟಲೆ ಕಾಯುವುದೂ ಉಂಟು. ಚಿಕ್ಕಮ್ಮ ಗುಣವಾಗಿ, ಮೊಮ್ಮಗು ಹುಟ್ಟಿ, ಆ ಮಗು ಅಂಗನವಾಡಿಗೆ ಹೋಗುವ ಹೊತ್ತಿಗೆ ದಿನ ಸಿಕ್ಕಿತು.

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ನಾವು ರಾತ್ರಿ ಬಸ್ಸಿನಲ್ಲಿ ಉಪ್ಪಿನಂಗಡಿಯಲ್ಲಿ ಇಳಿದೆವು. ಹಗಲು ಪೂರ್ತಿ ಮನೆಯಲ್ಲಿ ಗಡಿಬಿಡಿ. ಅಂಗಳದಲ್ಲಿ ತೆಂಗಿನಕಾಯಿ ರಾಶಿ, ಹಿತ್ತಿಲಲ್ಲಿ ದೊಡ್ಡ ದೊಡ್ಡ ಪಾತ್ರೆ. ಮಧ್ಯಾಹ್ನದ ಮೇಲೆ ಮೇಳದ ಲಾರಿ ಬಂತು, ಗದ್ದೆಯಲ್ಲಿ ರಂಗಸ್ಥಳ ಎದ್ದಿತು. ಸಂಜೆ ಊರಿಗೆ ಊರೇ ಬಂತು. ಬಂದವರಿಗೆಲ್ಲ ಊಟ. ಯಾರು ಏನು ಅಂತ ಕೇಳುವ ಪದ್ಧತಿ ಇಲ್ಲ. ಚಿಕ್ಕಪ್ಪ ನನ್ನನ್ನು ನೋಡಿ, "ಬಂದದ್ದು ಒಳ್ಳೇದಾಯ್ತು ಮಾರಾಯ್ತಿ. ಮಗುವನ್ನು ಚೌಕಿಗೆ ಕರ್ಕೊಂಡು ಹೋಗು, ಈಗ ಬಣ್ಣ ಹಾಕ್ತಾ ಇದ್ದಾರೆ" ಎಂದರು.

ಚೌಕಿ ಅಂದರೆ ವೇಷ ಕಟ್ಟುವ ಜಾಗ. ಅಲ್ಲೇ ಮೇಳದ ದೇವರು, ಅಲ್ಲೇ ಪೂಜೆ. ಮಹಿಷಾಸುರನಾಗುವವರು ಕಾಲು ಚಾಚಿ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು, ಒಂದೊಂದೇ ಚುಟ್ಟಿ ಇಡುತ್ತಿದ್ದರು. ಮಗಳು ಅವರ ಎದುರು ಕುಕ್ಕರಗಾಲಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ ಅವರು, "ಹೆದರ್ತೀಯಾ?" ಅಂತ ಕೇಳಿದರು. "ಇಲ್ಲ" ಎಂದಳು. "ಆಗ ನೋಡುವ" ಅಂದು ಮತ್ತೆ ಕನ್ನಡಿಗೆ ತಿರುಗಿದರು.

ಕೇಳಿ ಹೊಡೆದರು. ಇವತ್ತು ಇಲ್ಲಿ ಆಟ ಇದೆ ಅಂತ ಊರಿಗೆ ಹೇಳುವ ಚೆಂಡೆ ಅದು. ಆಮೇಲೆ ಪೂರ್ವರಂಗ. ಕೋಡಂಗಿ ವೇಷ, ಬಾಲಗೋಪಾಲ ವೇಷ, ಸ್ತ್ರೀವೇಷ. ಹಾಡಿದವರು ಇನ್ನೂ ಮೀಸೆ ಮೂಡುತ್ತಿರುವ ಹುಡುಗ. ಕುಣಿದವರೂ ಎಳೆಯರು. ಒಬ್ಬನ ಹೆಜ್ಜೆ ತಪ್ಪಿತು, ಹಿಂದಿನಿಂದ ಮದ್ದಳೆಯವರು ಕಣ್ಣಲ್ಲೇ ತಿದ್ದಿದರು. ಜನ ಇನ್ನೂ ಊಟ ಮಾಡುತ್ತಿದ್ದರು, ಕುರ್ಚಿ ಎಳೆಯುತ್ತಿದ್ದರು. ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ. ಹುಡುಗರು ಕಲಿಯುವುದೇ ಈ ಹೊತ್ತಿನಲ್ಲಿ. ಯಾರೂ ಗಮನಿಸದ ಈ ಒಂದು ಗಂಟೆಯಲ್ಲಿ ತಪ್ಪು ಮಾಡಿ ಮಾಡಿ ಮುಂದೆ ಅರ್ಜುನನೋ ಕರ್ಣನೋ ಆಗುತ್ತಾರೆ. ಬೆಂಗಳೂರಿನ ಸಭಾಂಗಣದಲ್ಲಿ ಪೂರ್ವರಂಗ ಹತ್ತು ನಿಮಿಷಕ್ಕೆ ಮುಗಿದಿತ್ತು. ಎಲ್ಲ ಕಡೆಯೂ ಹಾಗೇ ಆದರೆ ಈ ಹುಡುಗರು ಎಲ್ಲಿ ಹೆಜ್ಜೆ ತಪ್ಪಬೇಕು? ಹೊತ್ತು ಕತ್ತರಿಸಿದ ಆಟದ ಬಗ್ಗೆ ನನ್ನ ನಿಜವಾದ ಚಿಂತೆ ಇದು.

ಹತ್ತು ಗಂಟೆಗೆ ದೊಡ್ಡ ಸ್ಪೀಕರುಗಳನ್ನು ಆರಿಸಿದರು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮೇಳಗಳು ಕಾಲಮಿತಿಯ, ಅಂದರೆ ರಾತ್ರಿಯೇ ಬೇಗ ಮುಗಿಸುವ ಆಟದ, ಕಡೆ ಹೊರಳಲು ಇದೂ ಒಂದು ಕಾರಣ. ಇನ್ನೊಂದು ಕಾರಣವನ್ನು ಚೌಕಿಯಲ್ಲಿ ಹಿರಿಯ ಕಲಾವಿದರೊಬ್ಬರು ಹೇಳಿದರು. ನವೆಂಬರಿನಿಂದ ಮೇವರೆಗೆ, ಆರು ತಿಂಗಳು, ದಿನಾ ರಾತ್ರಿ ನಿದ್ದೆಗೆಟ್ಟು ದೇಹ ಹಾಳಾಗುತ್ತದೆ. ಕಾಲಮಿತಿ ಬಂದ ಮೇಲೆ ನನ್ನಂಥವರು ಮನೆಗೆ ಹೋಗಿ ಮಲಗುವ ಹಾಗಾಯಿತು ಅಂದರು. ಆ ಮಾತು ಕೇಳಿದ ಮೇಲೆ ಕಾಲಮಿತಿ ಬೇಡ ಅಂತ ನಾನು ಹೇಗೆ ಹೇಳಲಿ? ನನಗೆ ವರ್ಷಕ್ಕೊಂದು ರಾತ್ರಿ. ಅವರಿಗೆ ನೂರೈವತ್ತಕ್ಕೂ ಮೇಲೆ.

ಸ್ಪೀಕರ್ ಆರಿದ ಮೇಲೆ ಮೊದಲು ಏನೂ ಕೇಳಿಸದ ಹಾಗಾಯಿತು. ಹಿಂದೆ ಕೂತವರು ಚಾಪೆ ಎತ್ತಿಕೊಂಡು ಮುಂದೆ ಬಂದರು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಹತ್ತು ನಿಮಿಷದಲ್ಲಿ ಕಿವಿ ಹೊಂದಿಕೊಂಡಿತು. ಭಾಗವತರ ಬರಿ ಗಂಟಲು, ಮದ್ದಳೆಯ ಮೆದು ಪೆಟ್ಟು, ಗೆಜ್ಜೆ, ದೂರದಲ್ಲಿ ನಾಯಿ. ಅಜ್ಜ ನೋಡುತ್ತಿದ್ದ ಆಟ ಹೀಗೇ ಕೇಳಿರಬೇಕು ಅನಿಸಿತು. ಇದನ್ನು ಸಭಾಂಗಣವೂ ಕೊಡಲಿಲ್ಲ, ಮೊಬೈಲಂತೂ ಕೊಡಲು ಸಾಧ್ಯವೇ ಇಲ್ಲ. ಮದ್ದಳೆಯ ಆ ತಗ್ಗಿದ ಸದ್ದು ಮೊಬೈಲಿನಲ್ಲಿ ಬರುವುದೇ ಇಲ್ಲ.

ಮಧುಕೈಟಭರ ಕತೆ ಮುಗಿಯುವಾಗ ಮಗಳಿಗೆ ನಿದ್ದೆ. ಚಾಪೆಯಲ್ಲಿ ಮಲಗಿಸಿ ನನ್ನ ಶಾಲು ಹೊದಿಸಿದೆ. ಮಂಜು ಬೀಳುತ್ತಿತ್ತು. ನನಗೂ ಕಣ್ಣು ಎಳೆಯುತ್ತಿತ್ತು. ಮಾಲಿನಿಯ ಭಾಗ ನಾನು ಅರ್ಧ ನೋಡಿದೆ, ಅರ್ಧ ಕನಸಿನಲ್ಲಿ ಕೇಳಿದೆ. ಪಕ್ಕದ ಚಾಪೆಯ ಅಜ್ಜಿಯೊಬ್ಬರು, "ಮಲಗು ಮಗಾ, ಮಹಿಷ ಬರುವಾಗ ಎಬ್ಬಿಸ್ತೇನೆ" ಎಂದರು. ಆ ಅಜ್ಜಿ ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಎಬ್ಬಿಸಿದರು. ಎರಡು ಗಂಟೆ ಇರಬಹುದು. ಚೆಂಡೆಯ ಪೆಟ್ಟು ಬೇರೆಯಾಗಿತ್ತು. ಗದ್ದೆಯ ಆ ತುದಿಯಲ್ಲಿ, ಅಡಿಕೆ ತೋಟದ ಕಡೆಯಿಂದ, ಬೆಂಕಿ ಕಾಣಿಸಿತು. ದೊಂದಿಗೆ ರಾಳದ ಪುಡಿ ಎರಚಿದಾಗ ಬುಗ್ಗೆಂದು ಜ್ವಾಲೆ ಎದ್ದು ತೆಂಗಿನ ಗರಿಯ ಅಡಿಭಾಗ ಹೊಳೆಯಿತು. ಜನ ಎದ್ದು ದಾರಿ ಬಿಟ್ಟರು. ಕೋಡು, ಕಪ್ಪು ಮುಖ, ಬಿಳಿ ಚುಟ್ಟಿ. ಒಂದು ಕೂಗು ಹಾಕಿದ ನೋಡಿ, ನನ್ನ ಎದೆಯೊಳಗೆ ಕೇಳಿಸಿತು. ಮಗಳು ನನ್ನ ಸೊಂಟಕ್ಕೆ ಅಪ್ಪಿಕೊಂಡು ಮುಖ ಮುಚ್ಚಿಕೊಂಡಳು. ಆಮೇಲೆ ಬೆರಳಿನ ಸಂದಿಯಿಂದ ನೋಡಿದಳು. ಸಂಜೆ ಎದುರು ಕೂತು ಒಂದೊಂದೇ ಚುಕ್ಕೆ ಎಣಿಸಿದ್ದ ಮುಖ ಅದು. ಎಲ್ಲ ಗೊತ್ತಿದ್ದೂ ಹೆದರಿದಳು. ಅವನು ನಮ್ಮಿಂದ ಎರಡು ಮಾರು ದೂರದಲ್ಲಿ ಹಾದುಹೋದ. ಬೆಂಕಿಯ ಬಿಸಿ ಕೆನ್ನೆಗೆ ತಾಗಿತು.

ದೇವಿ ಮಹಾತ್ಮೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಮೊಬೈಲನ್ನು ಇದರ ಪಕ್ಕದಲ್ಲಿ ಇಡುವುದೇ ಬೇಡ.

ಕಷ್ಟವನ್ನೂ ಹೇಳಬೇಕು. ಬೆಳಗಿನ ಚಳಿಗೆ ನನ್ನ ಸೊಂಟ ಹಿಡಿಯಿತು. ಹೆಂಗಸರಿಗೆ ಶೌಚಾಲಯಕ್ಕೆ ಮನೆಯವರೆಗೆ ಕತ್ತಲಲ್ಲಿ ನಡೆಯಬೇಕು. ರಕ್ತಬೀಜನ ಭಾಗದಲ್ಲಿ ಒಳ್ಳೆಯ ಮಾತಿತ್ತಂತೆ, ನಾನು ನಿದ್ದೆಯಲ್ಲಿ ಕಳೆದುಕೊಂಡೆ. ಆಚೆ ಈಚೆ ಎರಡು ದಿನ ರಜೆ ಬೇಕು. ಅರವತ್ತೈದು ದಾಟಿದ ನನ್ನ ಅಮ್ಮ ಹನ್ನೊಂದಕ್ಕೇ ಎದ್ದು ಮನೆಗೆ ಹೋದರು. ಅವರಿಗೆ ಈಗ ಕಾಲಮಿತಿಯೇ ಸರಿ, ಅದನ್ನು ಅವರೇ ಹೇಳುತ್ತಾರೆ.

ಬೆಳಗ್ಗೆ ಐದೂಮುಕ್ಕಾಲಿಗೆ ನಿಶುಂಭ ಶುಂಭರೂ ಬಿದ್ದರು. ಮೂಡಣದಲ್ಲಿ ಕೆಂಪು. ವಿದ್ಯುತ್ ದೀಪ ಸಪ್ಪೆಯಾಗಿ, ದೇವಿ ವೇಷದವರ ಮುಖದ ಬಣ್ಣ ಬೆವರಿಗೆ ಅಲ್ಲಲ್ಲಿ ಕರಗಿದ್ದು ಹಗಲ ಬೆಳಕಿನಲ್ಲಿ ಕಂಡಿತು. ಚಿಕ್ಕಮ್ಮ ಮುಂದೆ ಹೋಗಿ ಕೈಮುಗಿದು ಪ್ರಸಾದ ತಗೊಂಡರು. ಅವರ ಕಣ್ಣಲ್ಲಿ ನೀರಿತ್ತು. ಅವರಿಗೆ ಇದು ಮನರಂಜನೆಯೇ ಅಲ್ಲ. ನಾನು ಮಾಡುತ್ತಿದ್ದ ಹೋಲಿಕೆಯ ಪಟ್ಟಿಯೊಳಗೆ ಅದನ್ನು ಎಲ್ಲಿ ಬರೆಯಲಿ ಅಂತ ನನಗೆ ಗೊತ್ತಾಗಲಿಲ್ಲ.

ಸೋಮವಾರ ಆಫೀಸಿನಲ್ಲಿ ಗೆಳತಿಗೆ ಉತ್ತರ ಕೊಟ್ಟೆ. ಜುಲೈಯಲ್ಲಿ ಸಭಾಂಗಣದ ಆಟ ಬರುತ್ತದೆ, ಮೊದಲು ಅದಕ್ಕೆ ಹೋಗು. ಮುಂದಿನ ಸಾಲಿನ ಟಿಕೆಟ್ ತಗೋ, ವೇಷದ ಪರಿಚಯವಾಗಲಿ. ಇಷ್ಟವಾದ ಪದವನ್ನು ಆಮೇಲೆ ಮೊಬೈಲಿನಲ್ಲಿ ಮತ್ತೆ ಮತ್ತೆ ಕೇಳು, ಅದಕ್ಕೆ ಅದು ಒಳ್ಳೆಯದು. ಅದೇ ಪ್ರಸಂಗದ ಕೂಟ ಎಲ್ಲಾದರೂ ಇದ್ದರೆ ಬಿಡಬೇಡ, ಬೆಂಗಳೂರಿನಲ್ಲೂ ಆಗುತ್ತಿರುತ್ತದೆ.

"ಗದ್ದೆಯದು?" ಎಂದಳು.

ಚಿಕ್ಕಪ್ಪನ ಪಕ್ಕದ ಮನೆಯವರದ್ದೂ ಹರಕೆ ಇದೆ. ಬರುವ ಜನವರಿಗೆ ದಿನ ಸಿಕ್ಕಿದೆಯಂತೆ. ಸ್ವೆಟರ್ ಒಂದು ತಾ, ಚಾಪೆ ನನ್ನ ಹತ್ತಿರ ಇದೆ ಅಂದೆ.